ಬೆಟ್ಟದ ಹಾದಿಯ ಮೌನ ಸೇವಕ: ಸೈಕಲ್ ವೀರ ಜೀನೊ ಬಾರ್ತಲಿ



ಏರು ಎಂದರೇನು, ಇಳಿತ ಎಂದರೇನು ಎಂಬುದನ್ನು ಕೊಡಗಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸಂಪಾಜೆಯಿಂದ ಮಡಿಕೇರಿಗೆ ಹತ್ತುವ ಘಾಟಿ, ವಿರಾಜಪೇಟೆಯಿಂದ ಮಾಕುಟ್ಟದ ಕಡೆಗೆ ಇಳಿಯುವ ಕಾಡುದಾರಿ, ಭಾಗಮಂಡಲದಿಂದ ತಲಕಾವೇರಿಗೆ ಏರುವ ರಸ್ತೆ, ಇವೆಲ್ಲ ನಮ್ಮ ಕಾಲುಗಳಿಗೆ ಚೆನ್ನಾಗಿ ಗೊತ್ತು. ಇಲ್ಲಿ ಸೈಕಲ್ ಇಟ್ಟುಕೊಂಡವರು ಅದನ್ನು ತುಳಿದದ್ದಕ್ಕಿಂತ ತಳ್ಳಿದ್ದೇ ಹೆಚ್ಚು ಎಂದು ಹಿರಿಯರು ನಗೆಯಾಡುವುದುಂಟು. ಆದರೂ ಹಾಲು ತಂದವರು, ಪತ್ರಿಕೆ ಹಂಚಿದವರು, ಅಂಚೆ ಮುಟ್ಟಿಸಿದವರು, ತೋಟದ ಲೈನ್ ಮನೆಗಳಿಗೆ ಜ್ಞಾನೋಪದೇಶ ಹೇಳಲು ಹೋದ ಉಪದೇಶಿಗಳು ಇದೇ ಎರಡು ಗಾಲಿಗಳನ್ನು ನಂಬಿ ಬೆಟ್ಟ ಹತ್ತಿದರು. ಬಡವನ ವಾಹನ ಎಂದು ನಾವು ಕಡೆಗಣಿಸುವ ಸೈಕಲ್ಲಿನ ಮೇಲೆ ಕುಳಿತೇ ಜಗತ್ಪ್ರಸಿದ್ಧನಾದ ಒಬ್ಬ ಕಥೋಲಿಕ ಗೃಹಸ್ಥನ ಬಾಳಕಥೆಯನ್ನು ಈ ವಾರ ನಿಮ್ಮ ಮುಂದಿಡುತ್ತಿದ್ದೇನೆ. ಅವರು ಇಟಲಿಯ ಜೀನೊ ಬಾರ್ತಲಿ. ಅವರು ಗೆದ್ದ ಪಂದ್ಯಗಳನ್ನು ಇಡೀ ಜಗತ್ತು ಕಂಡಿತು. ಅವರು ಮಾಡಿದ ಇನ್ನೊಂದು ಕೆಲಸವನ್ನು ಮಾತ್ರ ಬಹುಕಾಲ ದೇವರೊಬ್ಬನೇ ಬಲ್ಲವನಾಗಿದ್ದ.

ಹೊಳೆಯ ದಡದ ಹುಡುಗ

ಟಸ್ಕನಿ ಪ್ರಾಂತ್ಯವು ಗುಡ್ಡಗಳ ನಾಡು. ಅದರ ನಡುವೆ ಆರ್ನೊ ನದಿ ಹರಿಯುತ್ತದೆ. ನಮ್ಮಲ್ಲಿ ಕಾಫಿ, ಕರಿಮೆಣಸು ಇರುವಂತೆ ಅಲ್ಲಿನ ಇಳಿಜಾರುಗಳಲ್ಲಿ ಆಲಿವ್ ಮರಗಳು ಮತ್ತು ದ್ರಾಕ್ಷಿ ತೋಟಗಳು. ಫ್ಲಾರೆನ್ಸ್ ನಗರದ ಪಕ್ಕದಲ್ಲಿ ಎಮಾ ಎಂಬ ಚಿಕ್ಕ ಹೊಳೆಗೆ ಕಟ್ಟಿದ ಸೇತುವೆಯ ಹೆಸರನ್ನೇ ಹೊತ್ತ ಊರು ಪೊಂತೆ ಆ ಎಮಾ. ಅಲ್ಲಿ 1914ರ ಜುಲೈ 18ರಂದು ಜೀನೊ ಹುಟ್ಟಿದ. ತಂದೆ ತೊರೆಲ್ಲೊ ಕೂಲಿ ಕೆಲಸದವರು. ತಾಯಿ ಜೂಲಿಯಾ ಮನೆಯಲ್ಲೇ ಕೈಕೆಲಸ ಮಾಡಿ ನಾಲ್ಕು ಕಾಸು ಕೂಡಿಸುತ್ತಿದ್ದವರು. ಇಬ್ಬರು ಅಕ್ಕಂದಿರು, ಒಬ್ಬ ತಮ್ಮ. ಊಟಕ್ಕೆ ಕೊರತೆ ಇಲ್ಲದಿದ್ದರೂ ಉಳಿತಾಯಕ್ಕೆ ಏನೂ ಇಲ್ಲದ ಮನೆ. ಆದರೆ ಸಂಜೆಯ ಪ್ರಾರ್ಥನೆಗೆ, ಭಾನುವಾರದ ಬಲಿಪೂಜೆಗೆ ತಪ್ಪದ ಮನೆ. ಬಾಲ್ಯದಲ್ಲೇ ಜೀನೊ ಕಥೋಲಿಕ ಕ್ರಿಯಾಸಂಘದ ಸದಸ್ಯನಾದ. ಕೊನೆಯವರೆಗೂ ಆ ಸದಸ್ಯತ್ವವನ್ನು ಬಿಡಲಿಲ್ಲ.

ಓದಿಗಾಗಿ ಹುಡುಗ ಫ್ಲಾರೆನ್ಸಿಗೆ ಹೋಗಬೇಕಾಯಿತು. ಅದಕ್ಕೆ ಒಂದು ಹಳೆಯ ಸೈಕಲ್ ಬಂತು. ಓದು ಅಷ್ಟಾಗಿ ಹತ್ತಲಿಲ್ಲ, ಸೈಕಲ್ ಹತ್ತಿತು. ಇನ್ನೂ ಮೀಸೆ ಮೂಡದ ವಯಸ್ಸಿನಲ್ಲೇ ಅವನು ಊರಿನ ಸೈಕಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಸರಪಳಿಯ ಎಣ್ಣೆ, ಗಾಲಿಯ ಕಡ್ಡಿ, ಚೌಕಟ್ಟಿನ ಕೊಳವೆ ಎಲ್ಲವನ್ನೂ ಬಿಚ್ಚಿ ಜೋಡಿಸುವುದನ್ನು ಅಲ್ಲಿ ಕಲಿತ. ಆ ಕೊಳವೆಯೊಳಗೆ ಎಷ್ಟು ಜಾಗವಿದೆ ಎಂಬ ತಿಳಿವಳಿಕೆ ಮುಂದೊಂದು ದಿನ ಎಂಥ ಕೆಲಸಕ್ಕೆ ಬರಲಿದೆ ಎಂದು ಆಗ ಯಾರಿಗೆ ಗೊತ್ತಿತ್ತು! ಅಂಗಡಿಯವರ ಜೊತೆ ಗುಡ್ಡದ ರಸ್ತೆಗಳಲ್ಲಿ ಸೈಕಲ್ ತುಳಿಯುವಾಗ ಒಂದು ಸಂಗತಿ ಬೆಳಕಿಗೆ ಬಂತು. ಏರು ಕಡಿದಾದಷ್ಟೂ ಈ ಹುಡುಗ ಮುಂದೆ ಹೋಗುತ್ತಿದ್ದ. ಇತರರು ಉಸಿರಿಗಾಗಿ ಒದ್ದಾಡುವಲ್ಲಿ ಅವನಿಗೆ ಉಸಿರು ಕೂಡಿ ಬರುತ್ತಿತ್ತು. 17ನೆಯ ವಯಸ್ಸಿಗೆ ಪಂದ್ಯಗಳಿಗಿಳಿದು 1935ರಲ್ಲಿ ವೃತ್ತಿಪರ ಸವಾರನಾದ.

ಗೆಲುವಿನ ಬೆನ್ನಿಗೇ ಸಾವು

ಇಟಲಿಯಲ್ಲಿ ಸೈಕಲ್ ಪಂದ್ಯವೆಂದರೆ ನಮ್ಮಲ್ಲಿ ಹಾಕಿ ಇದ್ದ ಹಾಗೆ. ಮನೆಮನೆಯ ಮಾತು, ಊರೂರಿನ ಜಗಳ. ಅಲ್ಲಿನ ಅತಿ ದೊಡ್ಡ ಪಂದ್ಯ ಜೀರೊ ದಿತಾಲಿಯ. ಮೂರು ವಾರಗಳ ಕಾಲ ದಿನಕ್ಕೊಂದು ಹಂತದಂತೆ ದೇಶವನ್ನೇ ಸುತ್ತುವ ಈ ಓಟವನ್ನು ಬಾರ್ತಲಿ 1936ರಲ್ಲಿ, ತಮ್ಮ 21ನೆಯ ವಯಸ್ಸಿನಲ್ಲಿ ಗೆದ್ದರು. ಊರಿನಲ್ಲಿ ಹಬ್ಬವೋ ಹಬ್ಬ.

ಆ ಹಬ್ಬದ ಸದ್ದು ಅಡಗುವ ಮೊದಲೇ ಮನೆಗೆ ಸಿಡಿಲು ಬಡಿಯಿತು. ತಮ್ಮ ಜೂಲಿಯೊ ಕೂಡ ಅಣ್ಣನ ಹಾದಿ ಹಿಡಿದು ಸೈಕಲ್ ಪಂದ್ಯಗಳಲ್ಲಿ ಓಡುತ್ತಿದ್ದ. ಅದೇ ಜೂನ್ ತಿಂಗಳಲ್ಲಿ ಒಂದು ಪಂದ್ಯದ ಇಳಿಜಾರಿನಲ್ಲಿ ಎದುರಾದ ಕಾರಿಗೆ ಡಿಕ್ಕಿ ಹೊಡೆದು ಅವನು ತೀರಿಕೊಂಡ. ಇಪ್ಪತ್ತು ವರ್ಷದ ಆಸುಪಾಸಿನ ಹುಡುಗ. ಸೈಕಲ್ಲಿನ ಹುಚ್ಚು ಹತ್ತಿಸಿದವನು ತಾನೇ ಅಲ್ಲವೇ ಎಂಬ ಕೊರಗು ಅಣ್ಣನನ್ನು ಹಿಂಡಿತು. ಇನ್ನು ಸೈಕಲ್ಲೇ ಬೇಡ ಎಂದು ಬಾರ್ತಲಿ ಕೈಚೆಲ್ಲಿ ಕುಳಿತರು.

ಮನೆಯಲ್ಲಿ ಸಾವಾದಾಗ ದೇವರನ್ನು ದೂರುವವರನ್ನೂ, ದೇವರ ಹತ್ತಿರ ಸರಿಯುವವರನ್ನೂ ನಾವು ಕಂಡಿದ್ದೇವೆ. ಬಾರ್ತಲಿ ಎರಡನೆಯ ದಾರಿ ಹಿಡಿದರು. ಅವರು ಗೃಹಸ್ಥರಿಗಾಗಿಯೇ ಇರುವ ಕಾರ್ಮೆಲ್ ಸಭೆಯ ಮೂರನೆಯ ವರ್ಗಕ್ಕೆ ಸೇರಿದರು. ಬಾಲಯೇಸುವಿನ ಸಂತ ತೆರೇಸಾ ಅವರ ಅಚ್ಚುಮೆಚ್ಚಿನ ಸಂತಳಾದಳು. ಆ ವರ್ಗದಲ್ಲಿ ಅವರು ತಳೆದ ಹೆಸರು ಸಹೋದರ ತರ್ಸೀಸಿಯೊ. ಈ ಹೆಸರನ್ನು ನಮ್ಮ ಪೀಠಸೇವಕ ಮಕ್ಕಳು ಬಲ್ಲರು. ಪರಮಪ್ರಸಾದವನ್ನು ಎದೆಗವಚಿ ಬಚ್ಚಿಟ್ಟುಕೊಂಡು ಸೆರೆಯಲ್ಲಿದ್ದವರಿಗೆ ಒಯ್ಯುತ್ತಿದ್ದಾಗ, ಅದನ್ನು ಬಿಟ್ಟುಕೊಡದೆ ಪ್ರಾಣ ತೆತ್ತ ರೋಮಿನ ಬಾಲಸಾಕ್ಷಿ ಆತ. ಬಚ್ಚಿಟ್ಟು ಒಯ್ದವನ ಹೆಸರನ್ನು ಧರಿಸಿದ ಯುವಕ ಮತ್ತೆ ಸೈಕಲ್ ಹತ್ತಿದರು. 1937ರಲ್ಲಿ ಇಟಲಿಯ ಓಟವನ್ನು ಎರಡನೆಯ ಬಾರಿ ಗೆದ್ದರು.

ಆ ವರ್ಷವೇ ಫ್ರಾನ್ಸಿನ ಮಹಾ ಓಟವಾದ ಟೂರ್ ದ ಫ್ರಾನ್ಸಿಗೂ ಹೋದರು. ಮುಂಚೂಣಿಯ ಹಳದಿ ಅಂಗಿ ತೊಟ್ಟಿದ್ದಾಗಲೇ ಸೇತುವೆಯ ಮೇಲಿಂದ ಹಿಮದಂತೆ ಕೊರೆಯುವ ಹೊಳೆಗೆ ಬಿದ್ದು, ಗಾಯಗೊಂಡು, ಕೆಲವು ದಿನಗಳಲ್ಲಿ ಹಿಂದಿರುಗಬೇಕಾಯಿತು. ಮರುವರ್ಷ, 1938ರಲ್ಲಿ, ಅದೇ ಓಟವನ್ನು ಗೆದ್ದರು. ಅದು ಮುಸ್ಸೊಲಿನಿಯ ಕಾಲ. ಗೆದ್ದವರು ಗೆಲುವನ್ನು ಸರ್ವಾಧಿಕಾರಿಗೆ ಅರ್ಪಿಸಿ ಹೊಗಳಬೇಕೆಂಬುದು ಅಂದಿನ ಅಲಿಖಿತ ನಿಯಮ. ಬಾರ್ತಲಿ ಆ ಹೊಗಳಿಕೆಯ ಮಾತನ್ನಾಡಲಿಲ್ಲ. ತಮಗೆ ಸಿಕ್ಕ ಹೂಗುಚ್ಛವನ್ನು ಪ್ಯಾರಿಸಿನ ವಿಜಯಮಾತೆಯ ದೇವಾಲಯಕ್ಕೆ ಒಯ್ದು ಮರಿಯಮ್ಮನವರ ಪಾದದ ಬಳಿ ಇರಿಸಿದರು. ಇದು ಭಕ್ತಿ ಮಾತ್ರವಲ್ಲ, ಅಂದಿನ ಇಟಲಿಯಲ್ಲಿ ಅದು ಧೈರ್ಯವೂ ಆಗಿತ್ತು.

ಯುದ್ಧ ಮತ್ತು ಸಂಸಾರ

ಅದೇ 1938ರಲ್ಲಿ ಇಟಲಿಯ ಸರ್ಕಾರ ಯೆಹೂದ್ಯರ ವಿರುದ್ಧ ಜನಾಂಗೀಯ ಕಾನೂನುಗಳನ್ನು ತಂದಿತು. ಶಾಲೆಗಳಿಂದ ಅವರ ಮಕ್ಕಳನ್ನು, ಕಚೇರಿಗಳಿಂದ ಅವರ ತಂದೆತಾಯಿಗಳನ್ನು ಹೊರಗಟ್ಟಲಾಯಿತು. 1940ರಲ್ಲಿ ಇಟಲಿ ಯುದ್ಧಕ್ಕಿಳಿಯಿತು. ಆ ವರ್ಷದ ಇಟಲಿಯ ಓಟದಲ್ಲಿ ಬಾರ್ತಲಿ ಅವರಿಗೆ ನಾಯಿ ಅಡ್ಡಬಂದು ಪೆಟ್ಟಾಯಿತು. ಅವರದೇ ತಂಡದಲ್ಲಿ ಸಹಾಯಕನಾಗಿದ್ದ 20 ವರ್ಷದ ಫೌಸ್ತೊ ಕೊಪ್ಪಿ ಎಂಬ ಸಪೂರ ಹುಡುಗ ಮುಂದೆ ಬಂದ. ನಾಯಕ ಬಾರ್ತಲಿ ಆ ಹುಡುಗನ ಬೆಂಬಲಕ್ಕೆ ನಿಂತರು, ಕೊಪ್ಪಿ ಗೆದ್ದ. ಆ ನವೆಂಬರ್ 14ರಂದು ಬಾರ್ತಲಿ ಅವರಿಗೆ ಆದ್ರಿಯಾನಾ ಎಂಬ ಕನ್ಯೆಯೊಡನೆ ವಿವಾಹವಾಯಿತು. ವಿವಾಹ ಸಂಸ್ಕಾರವನ್ನು ನೆರವೇರಿಸಿದವರು ಫ್ಲಾರೆನ್ಸಿನ ಮಹಾಧರ್ಮಾಧ್ಯಕ್ಷರಾದ ಕಾರ್ಡಿನಲ್ ಎಲಿಯ ದಲ್ಲ ಕೊಸ್ತ. ಮರುವರ್ಷ ಮೊದಲ ಮಗ ಆಂದ್ರೆಯಾ ಹುಟ್ಟಿದ.

1943ರ ಸೆಪ್ಟೆಂಬರಿನಲ್ಲಿ ಇಟಲಿ ಮಿತ್ರರಾಷ್ಟ್ರಗಳೊಡನೆ ಕದನವಿರಾಮ ಘೋಷಿಸಿದ ಕೂಡಲೇ ಜರ್ಮನ್ ಸೈನ್ಯ ದೇಶದ ಉತ್ತರ ಮತ್ತು ನಡುಭಾಗವನ್ನು ಆಕ್ರಮಿಸಿತು. ಯೆಹೂದ್ಯರನ್ನು ಹಿಡಿದು ರೈಲುಗಳಲ್ಲಿ ತುಂಬಿ ಆಶ್ವಿಟ್ಸ್ ಎಂಬ ಮರಣಶಿಬಿರಕ್ಕೆ ಕಳಿಸುವ ಕೆಲಸ ಆರಂಭವಾಯಿತು. ಫ್ಲಾರೆನ್ಸಿನ ಯುವ ರಬ್ಬಿ ನಥಾನ್ ಕಸ್ಸೂತೊ ಮತ್ತು ಕಾರ್ಡಿನಲ್ ದಲ್ಲ ಕೊಸ್ತ ಕೈಜೋಡಿಸಿದರು. ಮಠಗಳು, ಕನ್ಯಾಮಠಗಳು, ಗುರುಗಳ ಮನೆಗಳು ತಲೆಮರೆಸಿಕೊಂಡವರಿಗೆ ಬಾಗಿಲು ತೆರೆದವು. ನವೆಂಬರಿನಲ್ಲಿ ರಬ್ಬಿ ಕಸ್ಸೂತೊ ಸೆರೆಯಾದರು. ಅವರು ಮತ್ತೆ ಮನೆಗೆ ಮರಳಲಿಲ್ಲ. ಉಳಿದವರು ಕೆಲಸ ಮುಂದುವರಿಸಿದರು.

ಬಚ್ಚಿಡಲು ಜಾಗವಿದ್ದರೆ ಸಾಲದು. ಪಡಿತರಕ್ಕೆ, ಪ್ರಯಾಣಕ್ಕೆ, ತಪಾಸಣೆಗೆ ಗುರುತಿನ ಚೀಟಿ ಬೇಕು. ಸಂತ ಫ್ರಾನ್ಸಿಸರ ಊರಾದ ಅಸ್ಸೀಸಿಯಲ್ಲಿ ಧರ್ಮಾಧ್ಯಕ್ಷ ನಿಕೊಲಿನಿ ಅವರ ಸೂಚನೆಯಂತೆ ಫಾದರ್ ರುಫೀನೊ ನಿಕ್ಕಾಚಿ, ಫಾದರ್ ಆಲ್ದೊ ಬ್ರೂನಾಚಿ ಮೊದಲಾದವರು ಇದಕ್ಕೊಂದು ಏರ್ಪಾಡು ಮಾಡಿದ್ದರು. ಲುಯೀಜಿ ಬ್ರಿಝಿ ಮತ್ತು ಅವರ ಮಗ ತ್ರೆಂತೊ ತಮ್ಮ ಚಿಕ್ಕ ಮುದ್ರಣಾಲಯದಲ್ಲಿ ಸುಳ್ಳು ಗುರುತಿನ ಚೀಟಿಗಳನ್ನು ಅಚ್ಚು ಹಾಕುತ್ತಿದ್ದರು. ಚೀಟಿಯಲ್ಲಿ ದಕ್ಷಿಣ ಇಟಲಿಯ ಊರುಗಳ ಹೆಸರಿರುತ್ತಿತ್ತು. ಆ ಊರುಗಳು ಆಗಲೇ ಮಿತ್ರರಾಷ್ಟ್ರಗಳ ಕೈಸೇರಿದ್ದರಿಂದ ಅಲ್ಲಿಗೆ ಬರೆದು ಕೇಳಿ ತಪಾಸಣೆ ಮಾಡುವುದು ಜರ್ಮನರಿಗೆ ಸಾಧ್ಯವಿರಲಿಲ್ಲ. ಈಗ ಉಳಿದದ್ದು ಒಂದೇ ಪ್ರಶ್ನೆ: ಭಾವಚಿತ್ರಗಳನ್ನು ಅಲ್ಲಿಗೆ ಒಯ್ಯುವವರು ಯಾರು, ಚೀಟಿಗಳನ್ನು ಇಲ್ಲಿಗೆ ತರುವವರು ಯಾರು?

ಕೊಳವೆಯೊಳಗಿನ ಗುಟ್ಟು

ಕಾರ್ಡಿನಲ್ ಅವರು ತಾವು ಮದುವೆ ಮಾಡಿಸಿದ ಆ ಸೈಕಲ್ ಸವಾರನನ್ನು ಕರೆಸಿಕೊಂಡರು. ರಸ್ತೆಯಲ್ಲಿ ಸೈಕಲ್ ತುಳಿಯುವುದು ಬಾರ್ತಲಿ ಅವರ ಕಸುಬು. ಅಭ್ಯಾಸಕ್ಕೆ ಹೊರಟೆ ಎಂದರೆ ಯಾರೂ ಸಂಶಯಪಡುವಂತಿರಲಿಲ್ಲ. ತಪಾಸಣೆ ಠಾಣೆಯ ಸೈನಿಕರೂ ಅವರ ಅಭಿಮಾನಿಗಳೇ. ಬಾರ್ತಲಿ ಆಸನದ ಕಂಬವನ್ನು ಬಿಚ್ಚಿ, ಭಾವಚಿತ್ರ ಮತ್ತು ಕಾಗದಗಳನ್ನು ಸುರುಳಿ ಸುತ್ತಿ ಚೌಕಟ್ಟಿನ ಕೊಳವೆಯೊಳಗೆ ತುರುಕಿ, ಮತ್ತೆ ಆಸನ ಬಿಗಿದು ಹೊರಡುತ್ತಿದ್ದರು. ಯಾರಾದರೂ ತಡೆದರೆ ಸೈಕಲ್ಲಿನ ಭಾಗಗಳನ್ನು ಮುಟ್ಟಬೇಡಿ, ವೇಗಕ್ಕೆಂದು ಅಳತೆ ನೋಡಿ ಕೂರಿಸಿದ್ದು ಎಂದು ವಿನಂತಿಸಿಕೊಳ್ಳುತ್ತಿದ್ದರಂತೆ.

ಫ್ಲಾರೆನ್ಸಿನಿಂದ ಅಸ್ಸೀಸಿಗೆ 170 ಕಿಲೋಮೀಟರಿಗೂ ಹೆಚ್ಚು ದಾರಿ. ಮಡಿಕೇರಿಯಿಂದ ಹೊರಟು ಮೈಸೂರನ್ನು ದಾಟಿ, ಮಂಡ್ಯವನ್ನೂ ದಾಟಿ ಹೋದಷ್ಟು ದೂರ. ಮೊದಲು ಆರ್ನೊ ನದಿಯ ಕಣಿವೆಯುದ್ದಕ್ಕೂ ಅರೆತ್ಸೊ ಪಟ್ಟಣದ ಕಡೆಗೆ, ಅಲ್ಲಿಂದ ಕಿಯಾನ ಬಯಲು, ಆಮೇಲೆ ವಿಶಾಲವಾದ ತ್ರಸಿಮೇನೊ ಸರೋವರದ ದಂಡೆ, ಪೆರೂಜಿಯಾದ ಗುಡ್ಡ, ಟೈಬರ್ ನದಿ, ಕೊನೆಗೆ ಸುಬಾಸಿಯೊ ಬೆಟ್ಟದ ಇಳಿಜಾರಿನಲ್ಲಿ ಅಂಟಿಕೊಂಡಿರುವ ಅಸ್ಸೀಸಿ. ಪಂದ್ಯದ ಕಾಲದಲ್ಲಿ ಇಂಥ ದಾರಿ ಅವರಿಗೆ ಮಕ್ಕಳಾಟ. ಆದರೆ ಇಲ್ಲಿ ಪಂಕ್ಚರ್ ಆದರೆ ಹಿಂದೆ ಬರುವ ತಂಡದ ವಾಹನವಿಲ್ಲ. ಆಕಾಶದಲ್ಲಿ ಬಾಂಬರ್ ವಿಮಾನ, ರಸ್ತೆಯಲ್ಲಿ ಸೈನಿಕ. ಕೊಳವೆಯಲ್ಲಿರುವುದು ಸಿಕ್ಕಿಬಿದ್ದರೆ ಬರುವುದು ಬಹುಮಾನವಲ್ಲ, ಗುಂಡು. ಮನೆಯಲ್ಲಿ ಎಳೆಯ ಮಗುವಿನೊಡನೆ ಹೆಂಡತಿ. ಎಲ್ಲಿಗೆ ಹೋಗುತ್ತಿದ್ದೇನೆಂದು ಆಕೆಗೂ ಹೇಳಲಿಲ್ಲ. ತಿಳಿಯದವಳನ್ನು ಯಾರೂ ಹಿಂಸಿಸಿ ಬಾಯಿ ಬಿಡಿಸಲಾರರು ಎಂಬುದೇ ಆ ಮೌನದ ಹಿಂದಿನ ಪ್ರೀತಿ.

ಇನ್ನೊಂದು ಕೆಲಸ ಮನೆಯ ಹತ್ತಿರವೇ ನಡೆಯಿತು. ಫಿಯೂಮೆ ಪಟ್ಟಣದಿಂದ ಓಡಿಬಂದಿದ್ದ ಗೋಲ್ಡನ್‌ಬರ್ಗ್ ಎಂಬ ಯೆಹೂದ್ಯ ಕುಟುಂಬ ಬಾರ್ತಲಿ ಅವರಿಗೆ ಪರಿಚಿತವಾಗಿತ್ತು. ತಂದೆ, ತಾಯಿ, ಇಬ್ಬರು ಮಕ್ಕಳು. ಫ್ಲಾರೆನ್ಸಿನ ತಮ್ಮ ಮನೆಯೊಂದರ ನೆಲಮಾಳಿಗೆಯಲ್ಲಿ ಅವರನ್ನು ಅಡಗಿಸಿಟ್ಟರು. ಹಗಲು ಬೆಳಕು ಕಾಣದ, ಕಾಲು ಚಾಚಲೂ ಇಕ್ಕಟ್ಟಾದ ಜಾಗ ಅದು. ಆದರೆ ನಾಲ್ಕು ಜೀವಗಳು ಅಲ್ಲಿ ಉಳಿದವು.

1944ರ ಬೇಸಿಗೆಯಲ್ಲಿ ಅಪಾಯ ಬಾಗಿಲಿಗೇ ಬಂತು. ಫ್ಲಾರೆನ್ಸಿನಲ್ಲಿ ಮಾರಿಯೊ ಕರಿತಾ ಎಂಬ ಫ್ಯಾಸಿಸ್ಟ್ ಅಧಿಕಾರಿ ಜನರನ್ನು ಹಿಂಸಿಸುವುದಕ್ಕೇ ಹೆಸರಾಗಿದ್ದ. ಅವನ ವಿಚಾರಣಾ ಮನೆಯನ್ನು ಜನ ದುಃಖದ ಬಂಗಲೆ ಎಂದು ಕರೆಯುತ್ತಿದ್ದರು. ಬಾರ್ತಲಿ ಅವರನ್ನು ಅಲ್ಲಿಗೆ ಎಳೆತಂದು ದಿನಗಟ್ಟಲೆ ಪ್ರಶ್ನಿಸಿದರು. ಹಿಂದೆ ಸೈನ್ಯದಲ್ಲಿ ಅವರ ಮೇಲಧಿಕಾರಿಯಾಗಿದ್ದವರೊಬ್ಬರು ಅವರ ಪರವಾಗಿ ಮಾತನಾಡಿದ್ದರಿಂದ ಬಿಡುಗಡೆಯಾಯಿತು. ಆಗಸ್ಟಿನಲ್ಲಿ ಫ್ಲಾರೆನ್ಸ್ ಬಿಡುಗಡೆಗೊಂಡಿತು. ಕಾಗದ ಒಯ್ದ ಸವಾರ ಮತ್ತೆ ಪಂದ್ಯದ ಸವಾರನಾದರು.

ಎರಡು ದಿನ, ನಾಲ್ಕಾರು ಪರ್ವತ

ಯುದ್ಧ ಅವರ ಯೌವನದ ಉತ್ತಮ ವರ್ಷಗಳನ್ನು ನುಂಗಿತ್ತು. ಆದರೂ 1946ರಲ್ಲಿ ಮೂರನೆಯ ಬಾರಿ ಇಟಲಿಯ ಓಟವನ್ನು ಗೆದ್ದರು. ಎರಡನೆಯವನಾದ ಕೊಪ್ಪಿಗೂ ಅವರಿಗೂ ಇದ್ದ ಅಂತರ ಕೇವಲ 47 ಸೆಕೆಂಡು. 1947ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರು ಕಥೋಲಿಕ ಕ್ರಿಯಾಸಂಘದವರನ್ನು ಉದ್ದೇಶಿಸಿ ಮಾತನಾಡುವಾಗ ಬಾರ್ತಲಿ ಅವರ ಹೆಸರೆತ್ತಿ, ಬಾಳಿನ ಓಟವನ್ನೂ ಹಾಗೆಯೇ ಓಡುವಂತೆ ಕರೆಕೊಟ್ಟರು.

1948ರಲ್ಲಿ ಅವರು ಮತ್ತೆ ಫ್ರಾನ್ಸಿಗೆ ಹೋದಾಗ ಪತ್ರಿಕೆಗಳು ಮುದುಕ ಎಂದು ಹಾಸ್ಯ ಮಾಡಿದವು. 34ಕ್ಕೆ ಕಾಲಿಡುತ್ತಿದ್ದ ವಯಸ್ಸು. ಓಟದ ಒಟ್ಟು ದೂರ 4922 ಕಿಲೋಮೀಟರ್. ಜುಲೈ 14ರಂದು ಕಾನ್ ಪಟ್ಟಣದಲ್ಲಿ ವಿಶ್ರಾಂತಿಯ ದಿನ. ಮುಂದಿದ್ದ ಫ್ರಾನ್ಸಿನ ಯುವಕ ಲೂಯಿಸೊ ಬೊಬೆಗಿಂತ ಬಾರ್ತಲಿ 21 ನಿಮಿಷಕ್ಕೂ ಹೆಚ್ಚು ಹಿಂದಿದ್ದರು. ಆ ದಿನವೇ ರೋಮಿನಲ್ಲಿ ಕಮ್ಯುನಿಸ್ಟ್ ನಾಯಕ ತೊಲ್ಯಾತ್ತಿ ಅವರ ಮೇಲೆ ಗುಂಡು ಹಾರಿತು. ದೇಶದಾದ್ಯಂತ ಮುಷ್ಕರ, ಗಲಭೆ, ಸಾವು. ಅಂತರ್ಯುದ್ಧವೇ ಆದೀತೇನೋ ಎಂಬ ಭಯ. ಆ ರಾತ್ರಿ ಪ್ರಧಾನಿ ದೆ ಗಾಸ್ಪೆರಿ ಬಾರ್ತಲಿ ಅವರಿಗೆ ದೂರವಾಣಿ ಕರೆ ಮಾಡಿ, ಗೆಲ್ಲಲು ಸಾಧ್ಯವೇ ಎಂದು ವಿಚಾರಿಸಿದರು.

ಮರುದಿನ ಕಾನ್‌ನಿಂದ ಬ್ರಿಯಾಂಸೊ ಪಟ್ಟಣಕ್ಕೆ 274 ಕಿಲೋಮೀಟರ್. ನಡುವೆ ಆಲ್ಪ್ಸ್ ಪರ್ವತದ ಮೂರು ಕಣಿವೆದಾರಿಗಳು. ಕೊನೆಯದಾದ ಇಜೊವಾರ್ ಸಮುದ್ರಮಟ್ಟದಿಂದ 2360 ಮೀಟರ್ ಎತ್ತರ. ನಮ್ಮ ಜಿಲ್ಲೆಯ ಅತಿ ಎತ್ತರದ ತಡಿಯಂಡಮೋಳ್ 1748 ಮೀಟರ್. ಅದರ ಮೇಲೆ ಇನ್ನೂ 600 ಮೀಟರಿನ ಬೆಟ್ಟವನ್ನಿಟ್ಟು ಅದರ ನೆತ್ತಿಗೆ ಸೈಕಲ್ ತುಳಿದಂತೆ! ರಸ್ತೆ ಕೆಸರು, ಮೇಲೆ ತಣ್ಣನೆಯ ಮಳೆ. ಆ ಕಾಲದ ಗೇರ್ ಕೂಡ ಇಂದಿನಂತಲ್ಲ. ಸವಾರ ಬೆನ್ನ ಹಿಂದೆ ಕೈಚಾಚಿ ಒಂದು ಸನ್ನೆಯಿಂದ ಹಿಂದಿನ ಗಾಲಿಯ ಬಿಗಿ ಸಡಿಲಿಸಿ, ಪೆಡಲನ್ನು ಹಿಮ್ಮುಖವಾಗಿ ತಿರುಗಿಸುತ್ತಾ ಇನ್ನೊಂದು ಸನ್ನೆಯಿಂದ ಸರಪಳಿ ಬದಲಿಸಿ, ಮತ್ತೆ ಗಾಲಿ ಬಿಗಿಯಬೇಕು. ಇದೆಲ್ಲ ಓಡುತ್ತಲೇ ಆಗಬೇಕು. ಬಾರ್ತಲಿ ಒಬ್ಬಂಟಿಯಾಗಿ ಬೆಟ್ಟ ದಾಟಿ ಗೆದ್ದರು. ಬೊಬೆ ಹತ್ತೊಂಬತ್ತು ನಿಮಿಷದಷ್ಟು ಹಿಂದೆ ಬಿದ್ದ. ಮರುದಿನ ಗಾಲಿಬಿಯೆ ಮತ್ತಿತರ ಪರ್ವತಗಳನ್ನು ಹತ್ತಿಳಿದು ಮತ್ತೆ ಗೆದ್ದು ಹಳದಿ ಅಂಗಿ ತೊಟ್ಟರು. ಅದರ ಮುಂದಿನ ಹಂತವನ್ನೂ ಗೆದ್ದರು. ಪ್ಯಾರಿಸ್ ತಲುಪಿದಾಗ ಎರಡನೆಯವನಿಗಿಂತ 26 ನಿಮಿಷ ಮುಂದಿದ್ದರು. ಮೊದಲ ಗೆಲುವಿಗೂ ಎರಡನೆಯದಕ್ಕೂ ನಡುವೆ ಹತ್ತು ವರ್ಷ. ಆ ಓಟದಲ್ಲಿ ಇಷ್ಟು ದೀರ್ಘ ಅಂತರದ ನಂತರ ಮತ್ತೆ ಗೆದ್ದವರು ಇನ್ನೊಬ್ಬರಿಲ್ಲ.

ಬಾರ್ತಲಿ ಸೈಕಲ್ ತುಳಿದು ದೇಶವನ್ನು ಅಂತರ್ಯುದ್ಧದಿಂದ ಉಳಿಸಿದರು ಎಂದು ಎಷ್ಟೋ ಮಂದಿ ಬರೆದಿದ್ದಾರೆ. ಅದು ಅತಿಶಯದ ಮಾತು. ತೊಲ್ಯಾತ್ತಿ ಸ್ವತಃ ತಮ್ಮವರಿಗೆ ಶಾಂತಿ ಕಾಪಾಡಲು ಹೇಳಿದ್ದರು. ಕಾರ್ಮಿಕ ಸಂಘಟನೆ ಮುಷ್ಕರವನ್ನು ಹಿಂತೆಗೆದುಕೊಂಡಿತು. ಆದರೆ ಬೀದಿಯಲ್ಲಿ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಿದ್ದವರು ಒಂದೇ ರೇಡಿಯೋ ಮುಂದೆ ಕಿವಿಗೊಟ್ಟು ನಿಂತು ಒಟ್ಟಿಗೆ ನಗುವಂತಾದದ್ದು ನಿಜ. ಅದೇನು ಸಣ್ಣದೇ?

ಎದುರಾಳಿಯೇ ಗೆಳೆಯ

ಇಟಲಿ ಆಗ ಎರಡು ಪಾಳೆಯವಾಗಿತ್ತು. ಬಾರ್ತಲಿ ಬೆಂಬಲಿಗರು, ಕೊಪ್ಪಿ ಬೆಂಬಲಿಗರು. ಒಬ್ಬರು ಹಳ್ಳಿಯ ಭಕ್ತಿವಂತ, ಇನ್ನೊಬ್ಬರು ಹೊಸ ಕಾಲದ ಮನುಷ್ಯ ಎಂದು ಪತ್ರಿಕೆಗಳು ಬಣ್ಣ ಹಚ್ಚಿದವು. ರಾಜಕೀಯ ಪಕ್ಷಗಳೂ ಅದರಿಂದ ಲಾಭ ಪಡೆದವು. ಬಾರ್ತಲಿ ಅವರನ್ನು ಭಕ್ತ ಜೀನೊ ಎಂದು ಮೆಚ್ಚುಗೆಯಿಂದ ಕರೆದವರಿದ್ದಂತೆ ಕುಹಕದಿಂದ ಕರೆದವರೂ ಇದ್ದರು. ಅವರಂತೂ ಮೆತ್ತಗಿನ ಮನುಷ್ಯರಾಗಿರಲಿಲ್ಲ. ಒಡಕು ಕಂಠ, ಪೆಟ್ಟು ತಿಂದ ಮೂಗು, ಎಲ್ಲದಕ್ಕೂ ಗೊಣಗುವ ಸ್ವಭಾವ. ಎಲ್ಲವೂ ತಪ್ಪಾಗಿದೆ, ಎಲ್ಲವನ್ನೂ ಮೊದಲಿನಿಂದ ಮಾಡಬೇಕು ಎಂಬ ಅವರ ಗೊಣಗಾಟ ಇಟಲಿಯಲ್ಲಿ ಗಾದೆಯಂತಾಗಿತ್ತು. ಕೊಪ್ಪಿ ಏನು ಕುಡಿಯುತ್ತಾನೆಂದು ತಿಳಿಯಲು ಅವನು ಎಸೆದ ಸೀಸೆಯನ್ನು ಹುಡುಕಿ ಪರೀಕ್ಷೆಗೆ ಕಳಿಸಿದವರು ಇವರು. ಅದು ಬರೀ ಟಾನಿಕ್ ಆಗಿತ್ತಂತೆ! ಸಂತತನಕ್ಕೆ ಸೌಮ್ಯ ಮುಖವೇ ಬೇಕೆಂದು ತಿಳಿದವರಿಗೆ ಈ ಗೊಣಗುವ ಮನುಷ್ಯನ ಬಾಳು ಒಂದು ಪಾಠ.

1949ರ ಜುಲೈ 18ರಂದು, ಬಾರ್ತಲಿ ಅವರ 35ನೆಯ ಹುಟ್ಟುಹಬ್ಬದ ದಿನ, ಇಬ್ಬರೂ ಅದೇ ಇಜೊವಾರ್ ಬೆಟ್ಟವನ್ನು ಜೊತೆಯಾಗಿ ದಾಟಿ ಬ್ರಿಯಾಂಸೊಗೆ ಬಂದರು. ಕೊಪ್ಪಿ ಹಿರಿಯನಿಗೆ ಆ ಹಂತದ ಗೆಲುವನ್ನು ಬಿಟ್ಟುಕೊಟ್ಟರು. ಆ ಓಟವನ್ನು ಕೊಪ್ಪಿ ಗೆದ್ದರು, ಬಾರ್ತಲಿ ಎರಡನೆಯವರಾದರು. 1951ರಲ್ಲಿ ಕೊಪ್ಪಿಯ ತಮ್ಮ ಸೆರ್ಸೆ ಕೂಡ ಪಂದ್ಯವೊಂದರಲ್ಲಿ ಬಿದ್ದು ಸತ್ತ. ತಮ್ಮನನ್ನು ಸೈಕಲ್ ಕಸಿದುಕೊಂಡಾಗ ಅಣ್ಣನ ಎದೆಯಲ್ಲಿ ಏನಾಗುತ್ತದೆ ಎಂಬುದನ್ನು ಬಾರ್ತಲಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? 1952ರಲ್ಲಿ ಬೆಟ್ಟ ಹತ್ತುವಾಗ ಒಬ್ಬರು ಇನ್ನೊಬ್ಬರಿಗೆ ನೀರಿನ ಬಾಟಲಿ ದಾಟಿಸುವ ಚಿತ್ರ ಜಗತ್ತಿನಲ್ಲೆಲ್ಲ ಹರಡಿತು. ಕೊಟ್ಟವರು ಯಾರು, ಪಡೆದವರು ಯಾರು ಎಂದು ಇಟಲಿಯ ಜನ ಇವತ್ತಿಗೂ ವಾದಿಸುತ್ತಾರೆ. ಬಾಟಲಿ ಕೈದಾಟಿತಲ್ಲ, ಅಷ್ಟು ಸಾಲದೇ?

ಕೋಮೊ ಸರೋವರದ ಮೇಲಿನ ಗಿಸಾಲ್ಲೊ ಗುಡ್ಡದಲ್ಲಿ, 754 ಮೀಟರ್ ಎತ್ತರದಲ್ಲಿ, ಮಾತೆ ಮರಿಯಮ್ಮನವರ ಪುಟ್ಟ ಗುಡಿಯೊಂದಿದೆ. 1948ರಲ್ಲಿ ಪೋಪ್ ಪಯಸ್ ಆಶೀರ್ವದಿಸಿದ ಜ್ಯೋತಿಯನ್ನು ಸೈಕಲ್ ಸವಾರರು ಅಲ್ಲಿಗೆ ಒಯ್ದರು. ಆ ಸಾಲಿನಲ್ಲಿ ಬಾರ್ತಲಿ, ಕೊಪ್ಪಿ ಇಬ್ಬರೂ ಇದ್ದರು. 1949ರ ಅಕ್ಟೋಬರ್ 13ರಂದು ಗಿಸಾಲ್ಲೊ ಮಾತೆಯನ್ನು ಸೈಕಲ್ ಸವಾರರ ಪಾಲಕಿಯೆಂದು ಘೋಷಿಸಲಾಯಿತು. ಆ ಗುಡಿಯ ಗೋಡೆಗಳ ಮೇಲೆ ಹರಕೆಯಾಗಿ ಅರ್ಪಿಸಿದ ಸೈಕಲ್ಲುಗಳನ್ನು ತೂಗುಹಾಕಿದ್ದಾರೆ. ಅವುಗಳಲ್ಲಿ ಈ ಇಬ್ಬರ ಸೈಕಲ್ಲುಗಳೂ ಇವೆ.

ಬಾರ್ತಲಿ ನಲವತ್ತರ ಹೊತ್ತಿಗೆ ನಿವೃತ್ತರಾಗಿ ತಂಡವೊಂದರ ಮುಖ್ಯಸ್ಥರಾದರು. 1959ರ ಕೊನೆಯಲ್ಲಿ ತಮ್ಮ ತಂಡಕ್ಕೆ ಕೊಪ್ಪಿಯನ್ನೇ ಸೇರಿಸಿಕೊಂಡರು. ಆದರೆ ಆಫ್ರಿಕಾದಲ್ಲಿ ಮಲೇರಿಯಾ ಹತ್ತಿಸಿಕೊಂಡು ಬಂದ ಕೊಪ್ಪಿ 1960ರ ಜನವರಿ 2ರಂದು ತೀರಿಕೊಂಡರು. ಬಾರ್ತಲಿ ಅವರ ಮುಂದೆ ಇನ್ನೂ ನಲವತ್ತು ವರ್ಷಗಳ ಬಾಳಿತ್ತು.

ಹೇಳದೆ ಉಳಿದ ಕಥೆ

ಆ ನಲವತ್ತು ವರ್ಷಗಳಲ್ಲಿ ಅವರು ಸೈಕಲ್ಲಿನ ಬಗ್ಗೆ ಮಾತನಾಡಿದ್ದೇ ಮಾತನಾಡಿದ್ದು. ಆದರೆ 1943-44ರ ಬಗ್ಗೆ ಬಾಯಿ ಬಿಡಲಿಲ್ಲ. ಅಸ್ಸೀಸಿಯ ಕಥೆ ಬೇರೆಯವರ ಪುಸ್ತಕ ಮತ್ತು ಚಲನಚಿತ್ರದ ಮೂಲಕ ಹೊರಬಂದಾಗಲೂ ಅವರಿಗೆ ಸಂತೋಷವಾಗಲಿಲ್ಲ. ಒಳ್ಳೆಯದನ್ನು ಮಾಡಬೇಕು, ಸಾರಬಾರದು, ಕೆಲವು ಪದಕಗಳನ್ನು ಅಂಗಿಯ ಮೇಲಲ್ಲ, ಆತ್ಮದ ಮೇಲೆ ಧರಿಸಬೇಕು ಎಂಬುದು ಮಗನಿಗೆ ಅವರು ಕಲಿಸಿದ ಪಾಠದ ಸಾರ. 2000ದ ಮೇ 5ರಂದು, ಸಂಸ್ಕಾರಗಳನ್ನು ಸ್ವೀಕರಿಸಿದವರಾಗಿ, 85ನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಿದರು. ಹುಟ್ಟಿದ ಪೊಂತೆ ಆ ಎಮಾದಲ್ಲೇ ಮಣ್ಣು ಸೇರಿದರು. 2005ರಲ್ಲಿ ಇಟಲಿಯ ರಾಷ್ಟ್ರಪತಿ ಮರಣೋತ್ತರವಾಗಿ ನಾಗರಿಕ ಸೇವೆಯ ಚಿನ್ನದ ಪದಕ ನೀಡಿದರು. 2012ರಲ್ಲಿ ಕಾರ್ಡಿನಲ್ ದಲ್ಲ ಕೊಸ್ತ ಅವರನ್ನೂ, 2013ರ ಸೆಪ್ಟೆಂಬರಿನಲ್ಲಿ ಬಾರ್ತಲಿ ಅವರನ್ನೂ ಜೆರುಸಲೇಮಿನ ಯಾದ್ ವಶೇಮ್ ಸಂಸ್ಥೆ ಯೆಹೂದ್ಯರ ಪ್ರಾಣ ಉಳಿಸಿದ ನೀತಿವಂತರ ಸಾಲಿಗೆ ಸೇರಿಸಿತು. ನೆಲಮಾಳಿಗೆಯಲ್ಲಿ ಅಡಗಿದ್ದ ಬಾಲಕ ಮುದುಕನಾಗಿ ಮುಂದೆ ಬಂದು ಸಾಕ್ಷಿ ಹೇಳಿದರು.

ಇತ್ತೀಚಿನ ವರ್ಷಗಳಲ್ಲಿ ಇಟಲಿಯ ಕೆಲವು ಇತಿಹಾಸಕಾರರು, ಅಸ್ಸೀಸಿಯ ಸೈಕಲ್ ಪ್ರಯಾಣಗಳಿಗೆ ಆ ಕಾಲದ ಲಿಖಿತ ಆಧಾರ ಸಾಲದು ಎಂದು ಆಕ್ಷೇಪಿಸಿದ್ದಾರೆ. ಯಾದ್ ವಶೇಮ್ ತನ್ನ ನಿರ್ಣಯವನ್ನು ಬದಲಿಸಿಲ್ಲ. ವಿಶ್ವಾಸಿಗಳಾದ ನಾವು ಈ ಪ್ರಶ್ನೆಗೆ ಸಿಟ್ಟಾಗಬೇಕಿಲ್ಲ. ಸತ್ಯವನ್ನು ಕೇಳುವುದು ಪಾಪವಲ್ಲ. ಎಷ್ಟು ಮಂದಿಯನ್ನು ಉಳಿಸಿದರು ಎಂದು ಅಲ್ಲಲ್ಲಿ ಅಚ್ಚಾಗುವ ದೊಡ್ಡ ಸಂಖ್ಯೆಗಳನ್ನು ನಾವು ಬಾಯಿಪಾಠ ಮಾಡಬೇಕಾಗಿಯೂ ಇಲ್ಲ. ಯೋಚಿಸಿ ನೋಡಿ: ಸಿಕ್ಕಿಬಿದ್ದರೆ ಸಾಯುವ ಕೆಲಸಕ್ಕೆ ರಶೀದಿ ಬರೆದಿಡುವವರು ಯಾರು? ಮೌನಕ್ಕೆ ಒಂದು ಬೆಲೆಯಿದೆ. ಮೌನವಾಗಿ ಮಾಡಿದ್ದನ್ನು ಮುಂದೊಂದು ದಿನ ಲೋಕ ಸಂಶಯಿಸಬಹುದು. ಆ ಬೆಲೆಯನ್ನೂ ತೆರಲು ಒಪ್ಪಿದವನಷ್ಟೇ ನಿಜವಾಗಿ ದೇವರಿಗಾಗಿ ಮಾಡಿದವನು. ಎಡಗೈ, ಬಲಗೈಗಳ ಬಗ್ಗೆ ಯೇಸುಸ್ವಾಮಿ ಪರ್ವತದ ಮೇಲೆ ಬೋಧಿಸಿದ್ದನ್ನು ನಾವು ಪ್ರತಿ ತಪಸ್ಸು ಕಾಲದಲ್ಲಿ ಕೇಳುತ್ತೇವೆ. ಬಾರ್ತಲಿ ಅದನ್ನು ಹಾಗೆಯೇ ನಂಬಿದರು.

ಇದು ನಮ್ಮ ಮನೆಯ ಕಥೆಯೂ ಹೌದು

ಇದೆಲ್ಲ ದೂರದೇಶದ ಕಥೆಯೆಂದು ಬದಿಗಿಡಬೇಡಿ. ಟಿಪ್ಪುವಿನ ಕಾಲದಲ್ಲಿ ನೆಲೆತಪ್ಪಿ ಓಡಿಬಂದ ಕಥೋಲಿಕರಿಗೆ ಆಸರೆಯಿತ್ತವನು ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ. ಅವನು ನಮ್ಮ ಧರ್ಮದವನಲ್ಲ. ಆದರೂ ವಿರಾಜಪೇಟೆಯಲ್ಲಿ ಭೂಮಿ ಕೊಟ್ಟ. 1792ರಲ್ಲಿ ಅಲ್ಲಿ ನೆಲೆಗೊಂಡ ಸಂತ ಅನ್ನಮ್ಮನವರ ದೇವಾಲಯ ಇವತ್ತಿಗೂ ನಿಂತಿದೆ. ಕೊಡಗಿನ ಕಥೋಲಿಕರ ಇತಿಹಾಸವೇ ಪರಧರ್ಮದವನೊಬ್ಬ ತೆರೆದ ಬಾಗಿಲಿನಿಂದ ಆರಂಭವಾಗುತ್ತದೆ. ಬಾಗಿಲು ತೆರೆಸಿಕೊಂಡ ನಮಗೆ ಬಾಗಿಲು ತೆರೆಯುವ ಋಣವೂ ಇದೆ. ಫ್ಲಾರೆನ್ಸಿನ ಆ ಕಥೋಲಿಕ ಯೆಹೂದ್ಯ ಕುಟುಂಬಕ್ಕಾಗಿ ತೆರೆದದ್ದೂ ಅಂಥದೇ ಬಾಗಿಲು. 2018ರ ಮಳೆಗಾಲದಲ್ಲಿ ನಮ್ಮ ಬೆಟ್ಟಗಳು ಕುಸಿದು ಮನೆಗಳು ಕೊಚ್ಚಿಹೋದಾಗ ಜಾತಿ, ಮತ ಕೇಳದೆ ಊಟ, ಹೊದಿಕೆ ಹೊತ್ತು ತಂದ ಎಷ್ಟೋ ಕೈಗಳ ಹೆಸರು ಯಾವ ಫಲಕದಲ್ಲೂ ಇಲ್ಲ.

ತಂದೆತಾಯಿಗಳೇ, ದೇವಾಲಯದ ಬೆಂಚಿಗೆ, ಫ್ಯಾನಿಗೆ, ಗಂಟೆಗೆ ಹೆಸರು ಬರೆಸಿಕೊಳ್ಳುವ ಆಸೆ ನಮ್ಮಲ್ಲಿ ಬೆಳೆಯುತ್ತಿದೆ. ಕೊಡುವುದು ಒಳ್ಳೆಯದೇ. ಆದರೆ ಮಕ್ಕಳು ನಮ್ಮಿಂದ ಕಲಿಯುವುದು ಕೊಡುವುದನ್ನೋ, ಬರೆಸಿಕೊಳ್ಳುವುದನ್ನೋ? ನೆರೆಮನೆಯ ವಿಧವೆಯ ಮಗನ ಶಾಲಾ ಶುಲ್ಕ, ಲೈನ್ ಮನೆಯ ಕಾಯಿಲೆಯವರಿಗೆ ಒಂದು ಬಾರಿಯ ಔಷಧ, ಜಗಳವಾಡಿ ಮಾತುಬಿಟ್ಟ ಅಣ್ಣನ ಮನೆಗೆ ಒಂದು ಬುಟ್ಟಿ ಕಿತ್ತಳೆ – ಇಂಥ ಒಂದನ್ನಾದರೂ ಈ ವಾರ ಯಾರಿಗೂ ಹೇಳದೆ ಮಾಡಿ. ಮಾಡಿದ ಮೇಲೂ ಹೇಳಬೇಡಿ. ಹೇಳಬೇಕೆಂಬ ಆಸೆ ಹುಟ್ಟುತ್ತದೆ, ಅದು ಸಹಜ. ಆ ಆಸೆಯನ್ನು ಗೆಲ್ಲುವುದು ಇಜೊವಾರ್ ಬೆಟ್ಟ ಹತ್ತಿದಷ್ಟೇ ಕಷ್ಟ. ಆ ಏರಿನಲ್ಲಿ ಚಪ್ಪಾಳೆ ತಟ್ಟುವವರು ಯಾರೂ ಇರುವುದಿಲ್ಲ. ಆದರೆ ಒಬ್ಬನು ನೋಡುತ್ತಿರುತ್ತಾನೆ, ಅವನು ಮರೆಯುವವನಲ್ಲ.